ನಿಂತ ಹೃದಯಕ್ಕೆ ವಿದ್ಯುತ್ತಿನ ಪೆಟ್ಟು: ಒಂದು ಪೆಟ್ಟಿಗೆಯ ಚರಿತ್ರೆ

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಸಾವುಗಳ ಸುದ್ದಿ ಒಂದರ ಹಿಂದೆ ಒಂದರಂತೆ ಬರತೊಡಗಿದಾಗ ಶಿವಮೊಗ್ಗ, ಭದ್ರಾವತಿಗಳ ಮನೆಮನೆಗಳಲ್ಲಿಯೂ ಅದೇ ಮಾತಾಗಿತ್ತು. ದೂರದ ಊರುಗಳಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಊರಿನಲ್ಲಿ ಉಳಿದ ತಂದೆತಾಯಿಗಳ ಚಿಂತೆಯಿಂದ ದೂರವಾಣಿ ಮಾಡಿದರು. ಮಾತು ಮುಗಿಯುವ ಹೊತ್ತಿಗೆ ಹಲವರು ಕೇಳಿದ ಪ್ರಶ್ನೆ ಒಂದೇ: "ಸಾರ್, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಎ.ಇ.ಡಿ. ಎಂಬ ಯಂತ್ರ ಇಡುತ್ತಾರಂತೆ. ಅದೇನು? ನಮ್ಮಂಥವರು ಅದನ್ನು ಮುಟ್ಟಬಹುದೇ?"

ಮುಟ್ಟಬಹುದು. ಉತ್ತರ ಇಷ್ಟೇ. ಆದರೆ ವೈದ್ಯರಲ್ಲದವರಿಗೆ "ನೀವೂ ಇದನ್ನು ಮುಟ್ಟಬಹುದು" ಎಂದು ಹೇಳುವ ಧೈರ್ಯ ವೈದ್ಯವಿಜ್ಞಾನಕ್ಕೆ ಬರಲು ಹೆಚ್ಚುಕಡಿಮೆ ನೂರು ವರ್ಷಗಳು ಬೇಕಾದವು. ಆ ನೂರು ವರ್ಷಗಳ ಚರಿತ್ರೆಯನ್ನು ಇಲ್ಲಿ ಬರೆಯಬೇಕೆನಿಸಿತು. ಚರಿತ್ರೆ ತಿಳಿದರೆ ಭಯ ಕಡಿಮೆಯಾಗುತ್ತದೆ ಎಂಬುದು ಪಾಠ ಹೇಳಿ ಬದುಕಿದ ನನ್ನ ನಂಬಿಕೆ.

ಎರಡು ಮಾತು, ಎರಡು ರೋಗ

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳೋಣ. ಪತ್ರಿಕೆಗಳಲ್ಲಿ ಹೃದಯಾಘಾತ, ಹೃದಯ ಸ್ತಂಭನ ಎಂಬ ಎರಡು ಮಾತುಗಳು ಒಂದರ ಬದಲಿಗೆ ಮತ್ತೊಂದು ಬಳಕೆಯಾಗುತ್ತಿರುತ್ತವೆ. ಇವು ಒಂದೇ ಅಲ್ಲ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳವೊಂದು ಕಟ್ಟಿಕೊಂಡರೆ ಅದು ಹೃದಯಾಘಾತ. ನಾಲೆಯ ತೂಬಿನಲ್ಲಿ ಕಸ ಸಿಕ್ಕಿ ಕೆಳಗಿನ ಗದ್ದೆ ಒಣಗಿದಂತೆ ಎಂದುಕೊಳ್ಳಿ. ಆಗ ರೋಗಿಗೆ ಎದೆನೋವು, ಬೆವರು, ಸಂಕಟ ಇರುತ್ತವೆ. ಆದರೆ ಪ್ರಜ್ಞೆ ಸಾಮಾನ್ಯವಾಗಿ ಇರುತ್ತದೆ, ಹೃದಯ ಬಡಿಯುತ್ತಲೇ ಇರುತ್ತದೆ. ಹೃದಯ ಸ್ತಂಭನವೆಂದರೆ ಬಡಿತವೇ ನಿಂತು ರಕ್ತ ಹರಿಯದಿರುವುದು. ಮನುಷ್ಯ ಮಾತನಾಡುತ್ತಿದ್ದವನು ಹಾಗೆಯೇ ಕುಸಿಯುತ್ತಾನೆ, ಕರೆದರೆ ಓಗೊಡುವುದಿಲ್ಲ, ಉಸಿರು ನಿಲ್ಲುತ್ತದೆ, ಇಲ್ಲವೆ ಆಗೊಮ್ಮೆ ಈಗೊಮ್ಮೆ ಏದುಸಿರಿನಂತೆ ಎಳೆಯುತ್ತದೆ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು. ಆದರೆ ಬೇರೆ ಕಾರಣಗಳೂ ಇವೆ. ವಿದ್ಯುದಾಘಾತ ಅವುಗಳಲ್ಲಿ ಒಂದು.

ಹೃದಯ ನಿಂತಿತು ಎಂದೊಡನೆ ಅದು ಕಲ್ಲಿನಂತೆ ಸುಮ್ಮನಾಯಿತು ಎಂದು ತಿಳಿಯಬೇಡಿ. ಹಠಾತ್ತನೆ ಕುಸಿದವರಲ್ಲಿ ಅನೇಕರ ಹೃದಯ ಮೊದಲ ಕೆಲವು ನಿಮಿಷ ನಡುಗುತ್ತಿರುತ್ತದೆ. ಭದ್ರಾವತಿಯ ಲಕ್ಷ್ಮೀನರಸಿಂಹಸ್ವಾಮಿಯ ತೇರನ್ನು ನೆನೆಯಿರಿ. ನೂರಾರು ಕೈಗಳು ಮಿಣಿ ಹಿಡಿದಿರುತ್ತವೆ. "ಗೋವಿಂದಾ" ಎಂಬ ಕೂಗಿಗೆ ಎಲ್ಲರೂ ಒಮ್ಮೆಲೆ ಎಳೆದರೆ ತೇರು ಮುಂದೆ ಸರಿಯುತ್ತದೆ. ಅದೇ ಜನ ಅದೇ ಬಲದಿಂದ ತಮತಮಗೆ ತೋಚಿದ ಹೊತ್ತಿನಲ್ಲಿ ಎಳೆದರೆ ಮಿಣಿ ಅದುರುತ್ತದೆ, ತೇರು ಕದಲುವುದಿಲ್ಲ. ಹೃತ್ಕುಕ್ಷಿಯ ಸ್ನಾಯುತಂತುಗಳು ಹೀಗೆ ಲಯ ತಪ್ಪಿ ನಡುಗುವುದಕ್ಕೆ ಫಿಬ್ರಿಲೇಷನ್ ಎನ್ನುತ್ತಾರೆ. ಎಲ್ಲ ತಂತುಗಳನ್ನೂ ಒಂದು ಕ್ಷಣ ಒಟ್ಟಿಗೆ ತಡೆದು ನಿಲ್ಲಿಸಿ, ಹೃದಯದ ಸಹಜ ಲಯ ತಾನಾಗಿ ಮತ್ತೆ ಆರಂಭವಾಗಲು ಎಡೆ ಮಾಡಿಕೊಡುವುದೇ ಡಿಫಿಬ್ರಿಲೇಟರ್ ಎಂಬ ಯಂತ್ರದ ಕೆಲಸ. ಅದು ನಿಂತುದನ್ನು ನಡೆಸುವ ಯಂತ್ರ ಎನ್ನುವುದಕ್ಕಿಂತ, ಗದ್ದಲವನ್ನು ನಿಲ್ಲಿಸುವ ಯಂತ್ರ ಎನ್ನುವುದೇ ಸರಿ. ಪೂರ್ತಿ ಸಪಾಟಾದ ಗೆರೆ ಕಂಡಾಗ ಎದೆಗೆ ವಿದ್ಯುತ್ ಕೊಡುವ ದೃಶ್ಯ ಚಲನಚಿತ್ರಗಳಲ್ಲಿ ಬರುತ್ತದಷ್ಟೆ. ಅದು ತಪ್ಪು. ಆ ಸ್ಥಿತಿಯಲ್ಲಿ ವಿದ್ಯುತ್ ನಿರುಪಯೋಗಿ.

ವಿದ್ಯುತ್ತಿನ ಸೀಮೆಯಲ್ಲಿ

ನಮ್ಮ ಜಿಲ್ಲೆ ವಿದ್ಯುತ್ತಿನ ಸೀಮೆ. 1948ರಲ್ಲಿ ಜೋಗದ ತಳದಲ್ಲಿ ಮಹಾತ್ಮ ಗಾಂಧಿ ಜಲವಿದ್ಯುದಾಗಾರ ಚಾಲನೆಗೊಂಡಿತು. ಅರವತ್ತರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟಿನೊಡನೆ ಶರಾವತಿ ಯೋಜನೆ ಬೆಳೆಯಿತು. ಹಿಂದೆ ಬೆಂಕಿಪುರವೆಂದು ಹೆಸರಾಗಿದ್ದ ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಮೊದಲು ಮಲೆನಾಡಿನ ಮರದ ಇದ್ದಿಲನ್ನು ಉರಿಸಿ ಅದಿರು ಕರಗಿಸುತ್ತಿತ್ತು. ಐವತ್ತರ ದಶಕದಲ್ಲಿ ಅಲ್ಲಿಗೆ ವಿದ್ಯುತ್ ಕುಲುಮೆಗಳು ಬಂದವು. ಜೋಗದ ನೀರು ತಂತಿಯ ಮೇಲೆ ಹರಿದುಬಂದು ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸುತ್ತದೆ ಎಂದು ನಮ್ಮ ಗುರುಗಳು ಹೇಳುವಾಗ ತರಗತಿಯ ಹುಡುಗರೆಲ್ಲ ಬಾಯಿ ತೆರೆದು ಕೇಳುತ್ತಿದ್ದೆವು.

ವಿದ್ಯುತ್ತಿನ ಇನ್ನೊಂದು ಮುಖವನ್ನು ನೋಡಿದ್ದೂ ಆ ದಿನಗಳಲ್ಲಿಯೇ. ನಾನು ಮಾಧ್ಯಮಿಕ ಶಾಲೆಯಲ್ಲಿ ಓದುತ್ತಿದ್ದ ಅರವತ್ತರ ದಶಕದ ಒಂದು ಆಷಾಢ. ನಮ್ಮ ಬೀದಿಯ ಹಿರಿಯರೊಬ್ಬರು ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ಕಬ್ಬಿಣದ ತಂತಿಯನ್ನು ಮುಟ್ಟಿ ಬಿದ್ದರು. ದೀಪದ ತಂತಿಯ ಹೊದಿಕೆ ಹರಿದು ಆ ತಂತಿಗೆ ತಗುಲಿತ್ತು. ಮೈಯಲ್ಲಿ ಗಾಯವೇನೂ ಇರಲಿಲ್ಲ. ಬೆರಳ ತುದಿಯಲ್ಲಿ ಒಂದು ಕಪ್ಪು ಚುಕ್ಕೆ, ಅಷ್ಟೆ. ನೆರೆಹೊರೆಯವರೆಲ್ಲ ಓಡಿ ಬಂದರು. ಒಬ್ಬರು ಅಂಗಾಲು ತಿಕ್ಕಿದರು. ಒಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಮತ್ತೊಬ್ಬರು ಬೀಗದ ಕೈ ಗೊಂಚಲನ್ನು ಮುಷ್ಟಿಯಲ್ಲಿ ಇಟ್ಟು ಬೆರಳು ಮಡಿಸಿದರು. ಜೀಪೊಂದು ಸಿಕ್ಕಿ ಅವರನ್ನು ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಅರ್ಧ ಗಂಟೆ ಮೀರಿತ್ತು. ಅಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ಕೈಗಳಿಗೂ ಕೊರತೆಯಿರಲಿಲ್ಲ. ಆ ಕೈಗಳು ಏನು ಮಾಡಬೇಕೆಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಅದನ್ನು ತಿಳಿದುಕೊಂಡ ಊರೊಂದು ಭೂಮಿಯ ಆ ಬದಿಯಲ್ಲಿ ಆಗಲೇ ಇತ್ತು ಎಂಬುದು ನನಗೆ ಬಹಳ ವರ್ಷಗಳ ನಂತರ ಗೊತ್ತಾಯಿತು.

ತಂತಿ ಕೆಲಸಗಾರರ ಸಾವು ತೆರೆದ ದಾರಿ

ವಿದ್ಯುತ್ತಿಗೂ ಹೃದಯಕ್ಕೂ ಇರುವ ನಂಟನ್ನು ಮನುಷ್ಯ ಹಿಂದೆಯೇ ಊಹಿಸಿದ್ದ. 1775ರಲ್ಲಿ ಡೆನ್ಮಾರ್ಕಿನ ಅಬಿಲ್ಡ್‌ಗಾರ್ಡ್ ಎಂಬಾತ ಕೋಳಿಗಳ ಮೇಲೆ ಪ್ರಯೋಗ ಮಾಡಿ, ಒಂದು ಪೆಟ್ಟಿಗೆ ಸತ್ತಂತೆ ಬಿದ್ದ ಕೋಳಿ ಎದೆಗೆ ಕೊಟ್ಟ ಇನ್ನೊಂದು ಪೆಟ್ಟಿಗೆ ಎದ್ದು ಹೋಯಿತೆಂದು ಬರೆದಿದ್ದಾನೆ. ಶಾಸ್ತ್ರೀಯವಾದ ಹೆಜ್ಜೆ ಬಿದ್ದದ್ದು 1899ರಲ್ಲಿ, ಸ್ವಿಟ್ಸರ್ಲೆಂಡಿನ ಜಿನೀವಾದಲ್ಲಿ. ಪ್ರೆವೋ ಮತ್ತು ಬಟೆಲ್ಲಿ ಎಂಬ ಇಬ್ಬರು ವಿಜ್ಞಾನಿಗಳು ನಾಯಿಯ ಹೃದಯಕ್ಕೆ ಅಲ್ಪ ವಿದ್ಯುತ್ ಹಾಯಿಸಿದರೆ ಅದು ನಡುಗತೊಡಗುವುದನ್ನೂ, ಹೆಚ್ಚು ವಿದ್ಯುತ್ ಹಾಯಿಸಿದರೆ ಆ ನಡುಕ ನಿಲ್ಲುವುದನ್ನೂ ಕಂಡರು. ಅವರಿಗೆ ಮುಖ್ಯವಾಗಿದ್ದುದು ನಡುಕದ ಕಾರಣ. ನಿಲುಗಡೆಯ ಸಂಗತಿ ಬರಹದ ಒಂದು ಮೂಲೆಯಲ್ಲಿ ಉಳಿದುಹೋಯಿತು.

ಅದನ್ನು ಮೇಲೆ ಎತ್ತಿದ್ದು ವೈದ್ಯರಲ್ಲ, ವಿದ್ಯುತ್ ಕಂಪನಿಗಳು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ಊರೂರುಗಳಿಗೆ ವಿದ್ಯುತ್ ಹಬ್ಬುತ್ತಿದ್ದಂತೆ ಕಂಬ ಹತ್ತಿ ದುಡಿಯುವ ತಂತಿ ಕೆಲಸಗಾರರು ಆಘಾತದಿಂದ ಸಾಯುವುದು ಹೆಚ್ಚಿತು. ಕಾರಣ ಹುಡುಕಲು ಕಂಪನಿಗಳು ಹಣ ಕೊಟ್ಟವು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆ ಕೆಲಸಕ್ಕೆ ಕೈಹಾಕಿದವರಲ್ಲಿ ಒಬ್ಬರು ವಿಲಿಯಂ ಕೌವೆನ್‌ಹೋವೆನ್. ಅವರು ವೈದ್ಯರಲ್ಲ, ವಿದ್ಯುತ್ ಎಂಜಿನಿಯರು. 1933ರ ಹೊತ್ತಿಗೆ ಅವರೂ ಅವರ ಸಂಗಡಿಗರೂ ಜಿನೀವಾದ ಮರೆತ ಸಂಗತಿಯನ್ನು ಮತ್ತೆ ಪ್ರಯೋಗದಲ್ಲಿ ಸಾಧಿಸಿ ತೋರಿಸಿದ್ದರು. ಕೊಂದ ವಿದ್ಯುತ್ತೇ ಬದುಕಿಸಬಲ್ಲದು ಎಂಬುದು ಹೀಗೆ ಬಡ ಕಾರ್ಮಿಕರ ಸಾವಿನಿಂದ ಕಲಿತ ಪಾಠ.

ಮನುಷ್ಯನ ಮೇಲೆ ಅದು ಫಲಿಸಿದ್ದು 1947ರಲ್ಲಿ, ನಮ್ಮ ದೇಶ ಸ್ವತಂತ್ರವಾದ ವರ್ಷ. ಕ್ಲೀವ್‌ಲ್ಯಾಂಡಿನ ಶಸ್ತ್ರವೈದ್ಯ ಕ್ಲಾಡ್ ಬೆಕ್ ಹದಿನಾಲ್ಕು ವರ್ಷದ ಹುಡುಗನೊಬ್ಬನ ಎದೆಯ ಶಸ್ತ್ರಕ್ರಿಯೆ ಮುಗಿಸುತ್ತಿದ್ದಾಗ ಅವನ ಹೃದಯ ನಿಂತಿತು. ಬೆಕ್ ಮತ್ತೆ ಎದೆ ತೆರೆದು, ಹೃದಯವನ್ನು ಕೈಯಲ್ಲೇ ಹಿಡಿದು ಅರ್ಧ ಗಂಟೆಗೂ ಹೆಚ್ಚು ಕಾಲ ಅಮುಕುತ್ತಾ ರಕ್ತ ಹರಿಸಿದರು. ತಾವು ಸಿದ್ಧಪಡಿಸಿದ್ದ ಉಪಕರಣದಿಂದ ಹೃದಯಕ್ಕೆ ನೇರವಾಗಿ ವಿದ್ಯುತ್ ಕೊಟ್ಟರು. ಹುಡುಗ ಬದುಕಿದ. ಆದರೆ ಈ ಚಿಕಿತ್ಸೆಗೆ ಎದೆ ಸೀಳಬೇಕು. ಶಸ್ತ್ರಕ್ರಿಯೆಯ ಕೊಠಡಿಯಿಂದ ಆಚೆ ಅದು ಯಾರಿಗೂ ದಕ್ಕುವಂತಿರಲಿಲ್ಲ. 1956ರಲ್ಲಿ ಬಾಸ್ಟನ್ನಿನ ಪಾಲ್ ಜೋಲ್ ಎದೆಯನ್ನು ತೆರೆಯದೆ, ಹೊರಗಿನಿಂದಲೇ ವಿದ್ಯುತ್ ಕೊಟ್ಟು ಸಫಲರಾದರು. ಯಂತ್ರ ಒಂದು ಬಾಗಿಲು ದಾಟಿ ವಾರ್ಡಿಗೆ ಬಂತು.

ಅನಂತರದ ಹೆಜ್ಜೆ ಈ ಚರಿತ್ರೆಯಲ್ಲಿಯೇ ನನಗೆ ಅತ್ಯಂತ ಪ್ರಿಯವಾದುದು. ಕೌವೆನ್‌ಹೋವೆನ್ ಅವರ ಪ್ರಯೋಗಾಲಯದಲ್ಲಿ ಗೈ ನಿಕರ್‌ಬಾಕರ್ ಎಂಬ ತರುಣ ಎಂಜಿನಿಯರ್ ಇದ್ದ. 1958ರಲ್ಲಿ ಒಂದು ದಿನ ನಾಯಿಯ ಎದೆಯ ಮೇಲೆ ಭಾರವಾದ ವಿದ್ಯುತ್ ಫಲಕಗಳನ್ನು ಒತ್ತಿ ಇಟ್ಟಾಗ, ವಿದ್ಯುತ್ ಕೊಡುವ ಮೊದಲೇ, ಬರಿಯ ಒತ್ತಡದಿಂದ ಅದರ ತೊಡೆಯ ರಕ್ತನಾಳದಲ್ಲಿ ಒತ್ತಡದ ಅಲೆಯೊಂದು ಎದ್ದುದನ್ನು ಆತ ಗಮನಿಸಿದ. ಬೇರೆ ಯಾರಾದರೂ ಆಗಿದ್ದರೆ ಇದೇನೋ ಉಪಕರಣದ ದೋಷವೆಂದು ಮುಂದೆ ಹೋಗುತ್ತಿದ್ದರೇನೋ. ಎದೆಯನ್ನು ಹೊರಗಿನಿಂದ ಲಯಬದ್ಧವಾಗಿ ಅದುಮಿದರೆ ರಕ್ತ ಹರಿಯುತ್ತದೆ ಎಂಬುದು ಹೀಗೆ ಕಂಡುಬಂತು. ಶಸ್ತ್ರವೈದ್ಯ ಜೇಮ್ಸ್ ಜೂಡ್ ಅದನ್ನು ರೋಗಿಗಳ ಮೇಲೆ ಪ್ರಯೋಗಿಸಿದರು. 1960ರ ಜುಲೈನಲ್ಲಿ ಮೂವರೂ ಸೇರಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಪ್ಪತ್ತು ರೋಗಿಗಳ ವಿವರವಿತ್ತು. ಅವರಲ್ಲಿ ಶೇಕಡಾ 70ರಷ್ಟು ಮಂದಿ ಬದುಕಿದ್ದರು. ಇಂದು ಸಿ.ಪಿ.ಆರ್. ಎಂದು ನಾವು ಕರೆಯುವ ಕ್ರಿಯೆಯ ಹೃದಯಭಾಗ ಇದೇ. ಅದಕ್ಕೆ ಬೇಕಾದುದು ಎರಡು ಕೈ. ಜಾನ್ಸ್ ಹಾಪ್ಕಿನ್ಸ್ ವೈದ್ಯಶಾಲೆ 1969ರಲ್ಲಿ ಕೌವೆನ್‌ಹೋವೆನ್ ಅವರಿಗೆ ಗೌರವ ವೈದ್ಯ ಪದವಿ ನೀಡಿತು. ಆ ಶಾಲೆ ಅಂಥ ಗೌರವವನ್ನು ಕೊಟ್ಟದ್ದು ಅದೇ ಮೊದಲು.

ನಮ್ಮ ಬೀದಿಯ ಹಿರಿಯರು ತೀರಿಕೊಂಡಾಗ ಈ ಲೇಖನ ಪ್ರಕಟವಾಗಿ ಕೆಲವು ವರ್ಷಗಳಾಗಿದ್ದವು. ಜ್ಞಾನ ಇತ್ತು, ಅದು ನಮ್ಮ ಬೀದಿಯ ತನಕ ನಡೆದು ಬಂದಿರಲಿಲ್ಲ.

ಯಂತ್ರ ಬೀದಿಗೆ ಇಳಿಯಿತು

ಜೋಲ್ ಬಳಸಿದ್ದು ಪರ್ಯಾಯ ವಿದ್ಯುತ್ ಪ್ರವಾಹ. ಅದಕ್ಕೆ ಗೋಡೆಯ ಪ್ಲಗ್ಗು ಬೇಕು. 1962ರಲ್ಲಿ ಬರ್ನಾರ್ಡ್ ಲೌನ್ ಧಾರಕದಲ್ಲಿ ಶೇಖರಿಸಿದ ನೇರ ವಿದ್ಯುತ್ತನ್ನು ಒಮ್ಮೆಲೆ ಬಿಡುವ ಸುರಕ್ಷಿತ ವಿಧಾನವನ್ನು ಬಳಕೆಗೆ ತಂದರು. ಸೋವಿಯತ್ ದೇಶದಲ್ಲಿ ಗುರ್ವಿಚ್ ಎಂಬವರು ಅದಕ್ಕೂ ಹಿಂದೆಯೇ ಈ ದಾರಿಯಲ್ಲಿ ಕೆಲಸ ಮಾಡಿದ್ದರು. ಪ್ಲಗ್ಗಿನ ಹಂಗು ತಪ್ಪಿದ ಮೇಲೆ ಯಂತ್ರ ಪ್ರಯಾಣ ಹೊರಡಬಹುದಾಯಿತು. ಅದನ್ನು ಹೊರಡಿಸಿದವರು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನ ಫ್ರಾಂಕ್ ಪ್ಯಾಂಟ್ರಿಡ್ಜ್. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಾಳಾಗಿ ನರಳಿದ ವೈದ್ಯರಿವರು. ಹೃದಯಾಘಾತವಾದವರಲ್ಲಿ ಬಹುಮಂದಿ ಆಸ್ಪತ್ರೆಗೆ ಬರುವ ಮೊದಲೇ ಸಾಯುತ್ತಾರೆ, ಹೀಗಿರುವಾಗ ಯಂತ್ರ ಆಸ್ಪತ್ರೆಯಲ್ಲಿ ಕುಳಿತು ಏನು ಮಾಡಬೇಕು ಎಂಬುದು ಅವರ ಪ್ರಶ್ನೆ. 1966ರಲ್ಲಿ ಎರಡು ಕಾರ್ ಬ್ಯಾಟರಿಗಳಿಂದ ನಡೆಯುವ, ಸುಮಾರು 70 ಕಿಲೋ ತೂಕದ ಡಿಫಿಬ್ರಿಲೇಟರನ್ನು ಅವರು ಆಂಬುಲೆನ್ಸಿನಲ್ಲಿ ಏರಿಸಿದರು. ಕೆಲವೇ ವರ್ಷಗಳಲ್ಲಿ ಅದರ ತೂಕವನ್ನು ಸುಮಾರು ಮೂರು ಕಿಲೋಗೆ ಇಳಿಸಿದರು.

ಉಳಿದಿದ್ದ ತೊಡಕು ಒಂದೇ. ಹೃದಯದ ಲಯವನ್ನು ಓದಿ, ವಿದ್ಯುತ್ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ವೈದ್ಯರು ಬೇಕಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಆ ತೀರ್ಮಾನವನ್ನು ತಾನೇ ಮಾಡುವ ಯಂತ್ರ ಬಂತು. ಸ್ವಯಂಚಾಲಿತವಾದುದರಿಂದ ಅದರ ಹೆಸರಿನಲ್ಲಿ ಆ ಮೊದಲ 'ಎ' ಅಕ್ಷರ ಸೇರಿತು. ಇಂದಿನ ಎ.ಇ.ಡಿ. ಮುಚ್ಚಳ ತೆರೆದರೆ ಅಥವಾ ಗುಂಡಿ ಒತ್ತಿದರೆ ತಾನೇ ಮಾತನಾಡುತ್ತದೆ. ಅಂಟುಪಟ್ಟಿಗಳನ್ನು ಎಲ್ಲಿ ಅಂಟಿಸಬೇಕೆಂದು ಚಿತ್ರದಲ್ಲಿ ತೋರಿಸುತ್ತದೆ. ಅಗತ್ಯವಿಲ್ಲದಿದ್ದರೆ, ನೀವು ಎಷ್ಟೇ ಒತ್ತಿದರೂ ಅದು ವಿದ್ಯುತ್ ಬಿಡುವುದಿಲ್ಲ. ಅಗತ್ಯವಿದ್ದರೆ ಅದು ಬಿಡುವ ಶಕ್ತಿ ಸುಮಾರು 150ರಿಂದ 200 ಜೂಲ್. ಇಪ್ಪತ್ತು ಕಿಲೋ ಅಕ್ಕಿಮೂಟೆಯನ್ನು ಒಂದು ಮೀಟರ್ ಎತ್ತಲು ಬೇಕಾಗುವಷ್ಟು ಶಕ್ತಿ, ಸೆಕೆಂಡಿನ ನೂರರ ಒಂದೆರಡು ಪಾಲಿನಲ್ಲಿ ಎದೆಯನ್ನು ಹಾಯುತ್ತದೆ. ಭೌತಶಾಸ್ತ್ರದ ತರಗತಿಯಲ್ಲಿ ನನ್ನಿಂದ ಈ ಲೆಕ್ಕಕ್ಕಾಗಿ ಬೈಗುಳ ತಿಂದವರು ಈಗ ಒಮ್ಮೆ ಮಾಡಿ ನೋಡಬಹುದು.

ಸಾಮಾನ್ಯ ಜನರ ಕೈಗೆ ಇದನ್ನು ಕೊಡಬಹುದೇ? ಉತ್ತರ ದೊರೆತದ್ದು ಅಮೆರಿಕದ ಜೂಜುಕಟ್ಟೆಗಳಲ್ಲಿ ಮತ್ತು ವಿಮಾನ ನಿಲ್ದಾಣಗಳಲ್ಲಿ. ಕ್ಯಾಸಿನೋಗಳ ಕಾವಲು ಸಿಬ್ಬಂದಿಗೆ ತರಬೇತಿ ಕೊಟ್ಟು ಮಾಡಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಕುಸಿದ ಮೂರು ನಿಮಿಷಗಳ ಒಳಗೆ ವಿದ್ಯುತ್ ಪಡೆದವರಲ್ಲಿ ಶೇಕಡಾ 74ರಷ್ಟು ಮಂದಿ ಬದುಕಿ ಮನೆಗೆ ಹೋದರು; ಮೂರು ನಿಮಿಷ ಮೀರಿದವರಲ್ಲಿ ಶೇಕಡಾ 49. ಷಿಕಾಗೋದ ವಿಮಾನ ನಿಲ್ದಾಣಗಳಲ್ಲಿ 1999ರಿಂದ ಈ ಪೆಟ್ಟಿಗೆಗಳನ್ನು ಗೋಡೆಗೆ ತೂಗುಹಾಕಲಾಯಿತು. ಮೊದಲ ಎರಡು ವರ್ಷಗಳಲ್ಲಿ ಹೃದಯ ನಡುಗುವ ಸ್ಥಿತಿಯಲ್ಲಿ ಕುಸಿದವರು 18 ಮಂದಿ, ಬದುಕಿದವರು 11. ಆ ಹನ್ನೊಂದರಲ್ಲಿ ಆರು ಮಂದಿಯನ್ನು ಉಳಿಸಿದವರಿಗೆ ಯಂತ್ರದ ತರಬೇತಿಯಾಗಲಿ ಅನುಭವವಾಗಲಿ ಇರಲಿಲ್ಲ. ಅವರಲ್ಲಿ ಮೂವರು ವೈದ್ಯ ಪದವೀಧರರು, ಉಳಿದವರು ಅದೂ ಅಲ್ಲ. 2004ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಅಧ್ಯಯನದಲ್ಲಿ ಸಿ.ಪಿ.ಆರ್. ಮಾತ್ರ ಕಲಿತ ಸ್ವಯಂಸೇವಕರಿದ್ದ ಸ್ಥಳಗಳಲ್ಲಿ 15 ಮಂದಿ ಬದುಕಿದರೆ, ಸಿ.ಪಿ.ಆರ್. ಜೊತೆಗೆ ಎ.ಇ.ಡಿ.ಯೂ ಇದ್ದ ಸ್ಥಳಗಳಲ್ಲಿ 30 ಮಂದಿ ಬದುಕಿದರು. ಸರಿಯಾಗಿ ಎರಡರಷ್ಟು.

ಕರ್ನಾಟಕದ ಕಥೆ

ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಂದು 108 ಆಂಬುಲೆನ್ಸ್ ಸೇವೆ ಆರಂಭವಾದದ್ದು ದೊಡ್ಡ ಮೈಲಿಗಲ್ಲು. ಅದಕ್ಕೂ ಮೊದಲು ಹಳ್ಳಿಯ ರೋಗಿಗೆ ಟೆಂಪೋ, ಜೀಪು, ಕೆಲವೊಮ್ಮೆ ಹಾಲಿನ ವ್ಯಾನೇ ಗತಿಯಾಗಿತ್ತು. 2018ರಲ್ಲಿ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಗಾಡಿನ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ವಾಟ್ಸಾಪಿನ ಮೂಲಕ ತಜ್ಞರ ಸಲಹೆ ಸಿಗುವಂತೆ ಮಾಡುವ ಕೆಲಸ ಆರಂಭಿಸಿದರು. ಕರಾವಳಿ ಮತ್ತು ಮಲೆನಾಡಿನ ಅನೇಕರಿಗೆ ಅದರಿಂದ ಉಪಕಾರವಾಯಿತು.

ಆಮೇಲೆ 2021 ಬಂತು. ಆ ವರ್ಷದ ಜೂನ್ 12ರಂದು ಕೋಪನ್‌ಹೇಗನ್ನಿನ ಫುಟ್‌ಬಾಲ್ ಮೈದಾನದಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಆಡುತ್ತಿದ್ದಂತೆಯೇ ಕುಸಿದರು. ಮೈದಾನದಲ್ಲೇ ಎದೆ ಅದುಮಿ, ಡಿಫಿಬ್ರಿಲೇಟರಿನಿಂದ ವಿದ್ಯುತ್ ಕೊಟ್ಟರು. ಅವರು ಬದುಕಿದ್ದಷ್ಟೇ ಅಲ್ಲ, ಮುಂದಿನ ವರ್ಷ ಮತ್ತೆ ಆಟಕ್ಕೆ ಇಳಿದರು. ಜಗತ್ತಿನ ಕೋಟ್ಯಂತರ ಜನ ದೂರದರ್ಶನದಲ್ಲಿ ಅದನ್ನು ಕಂಡರು. ಅದೇ ವರ್ಷದ ಅಕ್ಟೋಬರ್ 29ರಂದು ನಮ್ಮ ಪುನೀತ್ ರಾಜ್‌ಕುಮಾರ್ ನಲವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ದಿನ ಶಿವಮೊಗ್ಗದ ಅಂಗಡಿಗಳ ಮುಂದೆ ಇಟ್ಟ ಅವರ ಭಾವಚಿತ್ರ, ಅದರ ಮುಂದೆ ಹಚ್ಚಿದ ದೀಪಗಳನ್ನು ನೀವೂ ಕಂಡಿರುವಿರಿ. ಆ ದುಃಖಕ್ಕೆ ಸರ್ಕಾರ ಒಂದು ಅರ್ಥವಂತಿಕೆಯ ರೂಪ ಕೊಟ್ಟಿತು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು 2023ರ ಬಜೆಟ್ಟಿನಲ್ಲಿ ಘೋಷಿಸಿ, ಆ ವರ್ಷದ ನವೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಚಾಲನೆ ನೀಡಲಾಯಿತು.

ಈ ಯೋಜನೆಗೆ ಎರಡು ಅಂಗಗಳಿವೆ ಎಂಬುದನ್ನು ಗಮನಿಸಿ. ಒಂದು ಹೃದಯಾಘಾತಕ್ಕೆ: ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿಯೇ ಇ.ಸಿ.ಜಿ. ತೆಗೆದು, ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೆಲವೇ ನಿಮಿಷಗಳಲ್ಲಿ ಪರೀಕ್ಷಿಸಿ, ರಕ್ತದ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು. ಇನ್ನೊಂದು ಹೃದಯ ಸ್ತಂಭನಕ್ಕೆ: ಜನ ಸೇರುವ ಸ್ಥಳಗಳಲ್ಲಿ ಎ.ಇ.ಡಿ. ಇಡುವುದು. ಚುಚ್ಚುಮದ್ದು ಕೊಡುವುದು ಆಸ್ಪತ್ರೆಯ ಕೆಲಸ. ಎ.ಇ.ಡಿ.ಯನ್ನು ಬಳಸಬೇಕಾದವರು ಮಾತ್ರ ನಾವು ನೀವು.

ಹಾಸನದ ಸಾವುಗಳ ನಂತರ ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ನೇಮಿಸಿತು. ಕೋವಿಡ್ ಲಸಿಕೆಯಿಂದ ಹೀಗಾಯಿತೆಂಬ ಗಾಳಿಸುದ್ದಿಗೆ ಆಧಾರವಿಲ್ಲವೆಂದೂ, ಇದಕ್ಕೆ ಯಾವುದೋ ಒಂದೇ ಕಾರಣವಿಲ್ಲವೆಂದೂ ವರದಿ ತಿಳಿಸಿತು. ಮಧುಮೇಹ, ರಕ್ತದೊತ್ತಡ, ಧೂಮಪಾನದಂಥ ಹಳೆಯ ಶತ್ರುಗಳೇ ಮತ್ತೆ ಎದುರಿಗೆ ಬಂದವು. 2025ರ ಜುಲೈಯಲ್ಲಿ ಸರ್ಕಾರ ಹೃದಯ ಜ್ಯೋತಿಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೆ ವಿಸ್ತರಿಸುವ, ಆಸ್ಪತ್ರೆಯ ಹೊರಗಾದ ಹಠಾತ್ ಸಾವುಗಳಲ್ಲಿ ಮರಣೋತ್ತರ ಪರೀಕ್ಷೆ ಮಾಡಿಸುವ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಕಡೆ ಎ.ಇ.ಡಿ. ಅಳವಡಿಸುವ ತೀರ್ಮಾನಗಳನ್ನು ಪ್ರಕಟಿಸಿತು. ನೀವು ಕೇಳಿದ ಪೆಟ್ಟಿಗೆಯ ಸುದ್ದಿ ಬಂದದ್ದು ಅಲ್ಲಿಂದ.

ನಮ್ಮ ಊರಿನ ಲೆಕ್ಕ

ಈಗ ಸ್ವಲ್ಪ ಗಣಿತ. ಹೃದಯ ನಿಂತ ಮೇಲೆ ಏನೂ ಮಾಡದೆ ಕಳೆದ ಪ್ರತಿಯೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ಯಾರಾದರೂ ಎದೆ ಅದುಮುತ್ತಿದ್ದರೆ ಆ ಇಳಿತ ನಿಮಿಷಕ್ಕೆ 3ರಿಂದ 4ಕ್ಕೆ ತಗ್ಗುತ್ತದೆ. ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಒಬ್ಬರು ಕುಸಿದರು, ಆಂಬುಲೆನ್ಸ್ ಹತ್ತೇ ನಿಮಿಷದಲ್ಲಿ ಬಂತು ಎಂದಿಟ್ಟುಕೊಳ್ಳಿ. ಸುತ್ತ ನಿಂತವರು ಕೈಕಟ್ಟಿ ನಿಂತಿದ್ದರೆ ಆ ಹತ್ತು ನಿಮಿಷದಲ್ಲಿ ನೂರಕ್ಕೆ 70ರಿಂದ 100 ಕಳೆದುಹೋಯಿತು. ಯಾರಾದರೂ ಎದೆ ಅದುಮುತ್ತಿದ್ದರೆ ಹೋದದ್ದು 30ರಿಂದ 40. ಮಿದುಳಿಗೆ ಹಾನಿ ಆರಂಭವಾಗುವುದು ನಾಲ್ಕರಿಂದ ಆರು ನಿಮಿಷಗಳಲ್ಲಿ. ಮೆಗ್ಗಾನ್ ಆಸ್ಪತ್ರೆ ಕಣ್ಣೆದುರಿಗೇ ಇದ್ದರೂ ಆ ನಾಲ್ಕು ನಿಮಿಷ ಮಾತ್ರ ಪಕ್ಕದಲ್ಲಿ ನಿಂತವರ ಸೊತ್ತು. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಇಪ್ಪತ್ತು ಕಿಲೋಮೀಟರಿಗೆ ಹತ್ತಿರ ದೂರವೆಂಬುದು ಬೇರೆ ಮಾತು. ಈ ಲೆಕ್ಕದಲ್ಲಿ ಎರಡು ಬೀದಿಯ ದೂರವೂ ದೂರವೇ.

ಆದುದರಿಂದ ಪೆಟ್ಟಿಗೆ ಇರಬೇಕಾದುದು ಜನ ಇರುವಲ್ಲಿ. ಎರಡೂ ಊರಿನ ಬಸ್ ನಿಲ್ದಾಣ ಮತ್ತು ರೈಲು ನಿಲ್ದಾಣ, ಸೋಗಾನೆಯಲ್ಲಿ 2023ರಲ್ಲಿ ತೆರೆದ ಕುವೆಂಪು ವಿಮಾನ ನಿಲ್ದಾಣ, ನೆಹರೂ ಕ್ರೀಡಾಂಗಣ, ಕುವೆಂಪು ರಂಗಮಂದಿರ, ಅಡಿಕೆ ಮಂಡಿಯ ಪ್ರಾಂಗಣ, ಕಲ್ಯಾಣ ಮಂಟಪಗಳು, ಭದ್ರಾವತಿಯ ಕನಕ ಮಂಟಪ ಮೈದಾನ. ಎರಡು ವರ್ಷಕ್ಕೊಮ್ಮೆ ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆ ನಡೆಯುವಾಗ ಸೇರುವ ಜನಸಾಗರವನ್ನು ನೆನೆದರೆ, ಅಲ್ಲಿಯೂ ಬೇಕೆನಿಸುತ್ತದೆ. ಒಂದು ಎ.ಇ.ಡಿ.ಯ ಬೆಲೆ ಒಂದು ದ್ವಿಚಕ್ರ ವಾಹನದ ಬೆಲೆಯ ಆಸುಪಾಸು. ಹಳೆಯ ವಿದ್ಯಾರ್ಥಿಗಳ ಸಂಘವೊಂದು ಮನಸ್ಸು ಮಾಡಿದರೆ ತಮ್ಮ ಶಾಲೆಗೆ ಒಂದನ್ನು ಕೊಡಿಸುವುದು ಅಸಾಧ್ಯವೇನಲ್ಲ.

ಆದರೆ ಕೊಂಡು ತಂದು ಉದ್ಘಾಟಿಸಿದರೆ ಕೆಲಸ ಮುಗಿಯಲಿಲ್ಲ. ಬೆಲೆಬಾಳುವ ವಸ್ತುವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ನಮ್ಮ ಜನರ ಸ್ವಭಾವ. ಬೀಗದ ಕೈ ಇರುವ ಗುಮಾಸ್ತರು ಊಟಕ್ಕೆ ಹೋದ ಹೊತ್ತಿನಲ್ಲಿ ಹೃದಯ ಕಾಯುತ್ತದೆಯೇ? ಪೆಟ್ಟಿಗೆ ಕಣ್ಣಿಗೆ ಕಾಣುವಂತೆ ಗೋಡೆಯಲ್ಲಿರಬೇಕು. ಅದರ ಮೇಲೆ ಕನ್ನಡದಲ್ಲಿ ದೊಡ್ಡ ಅಕ್ಷರಗಳಿರಬೇಕು. ಬ್ಯಾಟರಿಗೆ ನಾಲ್ಕೈದು ವರ್ಷ, ಅಂಟುಪಟ್ಟಿಗಳಿಗೆ ಸುಮಾರು ಎರಡು ವರ್ಷ ಆಯುಸ್ಸು. ದಿನಾಂಕ ನೋಡಿ ಬದಲಿಸುವ ಹೊಣೆ ಹೆಸರು ಹಿಡಿದು ಒಬ್ಬರ ಮೇಲಿರಬೇಕು.

"ನಾವು ಮುಟ್ಟಿ ಏನಾದರೂ ಆದರೆ ಪೊಲೀಸು, ಕೋರ್ಟು" ಎಂಬ ಅಂಜಿಕೆ ಅನೇಕರಲ್ಲಿದೆ. ನೆರವಿಗೆ ಬಂದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟ್ 2016ರಲ್ಲಿ ಬಲ ಕೊಟ್ಟಿತು. ಕರ್ನಾಟಕ 2016ರಲ್ಲಿಯೇ ಪರೋಪಕಾರಿಗಳ ರಕ್ಷಣೆಗೆ ಕಾಯ್ದೆ ರಚಿಸಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಒಪ್ಪಿಗೆ ದೊರೆಯಿತು. ಇವು ಮುಖ್ಯವಾಗಿ ರಸ್ತೆ ಅಪಘಾತದ ಗಾಯಾಳುಗಳನ್ನು ಮನಸ್ಸಿನಲ್ಲಿಟ್ಟು ಬಂದವು. ಆದರೂ ಬಿದ್ದವರನ್ನು ಎತ್ತಿದ ಕೈಯನ್ನು ಕಾನೂನು ಹಿಡಿಯಬಾರದೆಂಬ ತತ್ತ್ವ ಅವುಗಳಲ್ಲಿ ಸ್ಪಷ್ಟವಾಗಿದೆ.

ಏನು ಮಾಡಬೇಕು

ನಿಮ್ಮ ಮುಂದೆ ಒಬ್ಬರು ಕುಸಿದರೆ ಭುಜ ತಟ್ಟಿ ಗಟ್ಟಿಯಾಗಿ ಕರೆಯಿರಿ. ಓಗೊಡದಿದ್ದರೆ, ಉಸಿರು ಸಹಜವಾಗಿ ಇಲ್ಲದಿದ್ದರೆ, ಅನುಮಾನಿಸುತ್ತಾ ನಿಲ್ಲಬೇಡಿ. ಒಬ್ಬರನ್ನು ಬೆರಳು ತೋರಿಸಿ ಕರೆದು 108ಕ್ಕೆ ಫೋನು ಮಾಡಿಸಿ, ಇನ್ನೊಬ್ಬರನ್ನು ಎ.ಇ.ಡಿ. ತರಲು ಓಡಿಸಿ. "ಯಾರಾದರೂ ಮಾಡಿ" ಎಂದರೆ ಯಾರೂ ಮಾಡುವುದಿಲ್ಲ. ಇದು ನಲವತ್ತು ಮಕ್ಕಳ ತರಗತಿ ನಡೆಸಿದ ಯಾರಿಗೂ ಗೊತ್ತು. ಬಿದ್ದವರನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುಮೂಳೆಯ ಕೆಳಭಾಗದಲ್ಲಿ ಒಂದು ಅಂಗೈ, ಅದರ ಮೇಲೆ ಇನ್ನೊಂದು ಅಂಗೈ ಇಟ್ಟು, ಮೊಣಕೈ ಮಡಿಸದೆ, ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಅದುಮಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲಿ. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಹಿಂಜರಿಕೆಯಾದರೆ ಅದುಮುವುದೊಂದನ್ನೇ ಮಾಡಿ. ಭಾರತದ ಅರಿವಳಿಕೆ ತಜ್ಞರ ಸಂಘಟನೆ 2017ರಲ್ಲಿ ಸಾಮಾನ್ಯ ಜನರಿಗಾಗಿ ರೂಪಿಸಿದ ವಿಧಾನದಲ್ಲಿ ಇರುವುದು ಅಷ್ಟೇ. ತುಂಗೆಯಲ್ಲೋ ಭದ್ರೆಯಲ್ಲೋ ಮುಳುಗಿದವರಿಗೆ ಮತ್ತು ಚಿಕ್ಕ ಮಕ್ಕಳಿಗೆ ಮಾತ್ರ ಉಸಿರು ಕೊಡುವುದೂ ಮುಖ್ಯ.

ಪೆಟ್ಟಿಗೆ ಬಂದ ಕೂಡಲೇ ಚಾಲೂ ಮಾಡಿ, ಅದು ಹೇಳಿದಂತೆ ಕೇಳಿ. ನಮ್ಮ ಮಲೆನಾಡಿನ ಮಳೆಯಲ್ಲಿ ಒದ್ದೆಯಾದ ಎದೆಯನ್ನು ಬಟ್ಟೆಯಿಂದ ಒರಸಿ ಪಟ್ಟಿ ಅಂಟಿಸಿ. ವಿದ್ಯುತ್ ಕೊಡುವ ಕ್ಷಣ ಯಾರೂ ರೋಗಿಯನ್ನು ಮುಟ್ಟಿರಬಾರದು. ಕೊಟ್ಟ ಮರುಕ್ಷಣವೇ ಮತ್ತೆ ಅದುಮಲು ತೊಡಗಿ. ಬಿದ್ದವರು ವಿದ್ಯುದಾಘಾತಕ್ಕೆ ಸಿಕ್ಕವರಾದರೆ ಮೊದಲು ಮೇನ್ ಸ್ವಿಚ್ ಆರಿಸಿ; ಆಮೇಲೆ ಮುಟ್ಟಿ.

ಇದು ಸಂಜೀವಿನಿಯಲ್ಲ. ಎಲ್ಲ ಹೃದಯಗಳೂ ನಡುಗುವ ಸ್ಥಿತಿಯಲ್ಲಿ ಸಿಗುವುದಿಲ್ಲ. ಸಿಕ್ಕವುಗಳೂ ಎಲ್ಲವೂ ಮರಳುವುದಿಲ್ಲ. ಹೃದಯ ಸ್ತಂಭನ ಹೆಚ್ಚಾಗಿ ಆಗುವುದು ಮನೆಯಲ್ಲಿ. ಅಲ್ಲಿ ಪೆಟ್ಟಿಗೆ ಇರುವುದಿಲ್ಲ. ಆದುದರಿಂದ ಯಂತ್ರಕ್ಕಿಂತ ಮೊದಲು ಕೈ ಕಲಿಯಬೇಕು. ಕುಸಿಯುವವರು ನಿಮ್ಮ ಅಪ್ಪನೋ ಅಮ್ಮನೋ ಆಗಿದ್ದರೆ, ಆ ಹೊತ್ತಿನಲ್ಲಿ ಪಕ್ಕದಲ್ಲಿ ಇರುವವರು ಬಹುಶಃ ಪಕ್ಕದ ಮನೆಯ ಹುಡುಗನೋ, ಹಾಲು ತಂದವನೋ ಆಗಿರುತ್ತಾರೆ. ಅವರಿಗೆ ತಿಳಿದಿದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ನಿಮ್ಮಲ್ಲಿ ವೈದ್ಯರಾಗಿರುವವರು, ದಾದಿಯರಾಗಿರುವವರು ಇದ್ದೀರಿ. ಊರಿಗೆ ಬಂದಾಗ ಒಂದು ಭಾನುವಾರ ನಮ್ಮ ಹಳೆಯ ಶಾಲೆಯ ಅಂಗಳದಲ್ಲಿ ಒಂದು ಗಂಟೆ ಕೊಡಿ. ಒಂಬತ್ತನೆಯ ತರಗತಿಯ ಮಕ್ಕಳಿಗೆ, ಆಟೋ ಚಾಲಕರಿಗೆ, ಅಡುಗೆಯ ಅಮ್ಮಂದಿರಿಗೆ ಕಲಿಸಿ. ಉಳಿದವರು ನಿಮ್ಮ ಕಚೇರಿಯಲ್ಲಿ ಆ ಪೆಟ್ಟಿಗೆ ಎಲ್ಲಿದೆ ಎಂದು ನಾಳೆಯೇ ಕೇಳಿ. ಇಲ್ಲದಿದ್ದರೆ ಏಕಿಲ್ಲ ಎಂದು ಕೇಳಿ. ಕಲಿತ ಮೇಲೆ ನನಗೊಂದು ಪತ್ರ ಬರೆಯಿರಿ. ಎಷ್ಟು ಮಂದಿ ಕಲಿತಿರೆಂದು ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳುವ ಹಳೆಯ ಚಟ ನನ್ನನ್ನು ಇನ್ನೂ ಬಿಟ್ಟಿಲ್ಲ.